ಕಾಲಂ ಕಡಿಮೆಯಾದರೆ ತಪ್ಪೂ ಕಡಿಮೆ



ನಮ್ಮ ಸಂವಾದ ಕಾರ್ಯಕ್ರಮದಲ್ಲಿ ಗಣಕ ಯಂತ್ರದ ವಿಷಯ ಬಂದಾಗಲೆಲ್ಲ ಒಂದು ಬಗೆಯ ಪತ್ರ ತಪ್ಪದೆ ಬರುತ್ತದೆ. ಬರೆದವರು ಶಾಲೆಯ ಗುಮಾಸ್ತರಿರಬಹುದು, ಸಹಕಾರ ಸಂಘದ ಕಾರ್ಯದರ್ಶಿಗಳಿರಬಹುದು, ಗ್ರಂಥಾಲಯದ ಸಹಾಯಕಿಯಿರಬಹುದು. ಪ್ರಶ್ನೆ ಮಾತ್ರ ಒಂದೇ. "ನಮ್ಮ ಸಂಸ್ಥೆಗೆ ಜಾಲತಾಣ ಮಾಡಿಸಿಕೊಟ್ಟಿದ್ದಾರೆ. ಅದಕ್ಕೊಂದು ಸುದ್ದಿ ಸೇರಿಸಲು ಹೋದರೆ ಮಾರುದ್ದದ ಫಾರಂ ತೆರೆದುಕೊಳ್ಳುತ್ತದೆ. ಅರ್ಧ ಕಾಲಂಗಳು ಅರ್ಥವೇ ಆಗುವುದಿಲ್ಲ. ಏನು ಮಾಡಬೇಕು?"

ಇಂಥ ಪತ್ರ ಬರೆಯುವವರು ತಮಗೆ ಗಣಕ ಬರುವುದಿಲ್ಲವೆಂದು ಮೊದಲೇ ಕ್ಷಮೆ ಕೇಳಿರುತ್ತಾರೆ. ಕ್ಷಮೆ ಕೇಳಬೇಕಾದವರು ಅವರಲ್ಲ. ಇದು ನನಗೆ ತಿಳಿದದ್ದು ತಡವಾಗಿ, ಅದೂ ಒಂದು ತಪ್ಪು ಮಾಡಿದ ಮೇಲೆ. ಆ ಕಥೆಯಿಂದಲೇ ಆರಂಭಿಸುತ್ತೇನೆ.

ಮಾರ್ಚ್ ಎರಡರಂದು ಬಂದವರು

ಅದು 2013. ಆಗ ನಾನು ನಿಯೋಜನೆಯ ಮೇಲೆ ಒಂದು ಕಚೇರಿಯಲ್ಲಿದ್ದೆ. ಅದರ ಹೆಸರು ಇಲ್ಲಿ ಬೇಡ. ಆರೋಗ್ಯ ಕಾರ್ಯಕ್ರಮಗಳ ವಿವರವನ್ನು ಜಾಲತಾಣಕ್ಕೆ ಹಾಕಿಸುವ ಹೊಣೆ ನನ್ನದು. ತಾಲ್ಲೂಕು ಕೇಂದ್ರವೊಂದರ ಶಾಲೆಯಲ್ಲಿ ಫೆಬ್ರವರಿ 3, ಭಾನುವಾರ ಉಚಿತ ನೇತ್ರ ತಪಾಸಣಾ ಶಿಬಿರವಿತ್ತು. ಚೀಟಿಯಲ್ಲಿ ಬರೆದುಕೊಟ್ಟೆ. ನಮ್ಮ ಬೆರಳಚ್ಚುಗಾರ್ತಿ ಫಾರಂನಲ್ಲಿ ನಾವೆಲ್ಲ ಬರೆಯುವ ರೀತಿಯಲ್ಲೇ 03/02/2013 ಎಂದು ತುಂಬಿದರು. ಆ ತಂತ್ರಾಂಶಕ್ಕೆ ಅಮೆರಿಕದ ಪದ್ಧತಿ. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಜಾಲತಾಣದಲ್ಲಿ ಪ್ರಕಟವಾದದ್ದು 'ಮಾರ್ಚ್ 2'.

ಮಾರ್ಚ್ 2ರ ಬೆಳಿಗ್ಗೆ ಆ ಶಾಲೆಯ ಮುಖ್ಯೋಪಾಧ್ಯಾಯರಿಂದ ದೂರವಾಣಿ ಬಂತು. "ಸಾರ್, ಇಲ್ಲಿ ಆರೇಳು ಜನ ವಯಸ್ಸಾದವರು ಕೂತಿದ್ದಾರೆ. ಒಬ್ಬರು ಅಜ್ಜ ಮೊಮ್ಮಗನ ಕೈ ಹಿಡಿದುಕೊಂಡು ಮೊದಲ ಬಸ್ಸಿಗೇ ಬಂದಿದ್ದಾರೆ. ಶಿಬಿರ ಮುಗಿದು ತಿಂಗಳಾಯಿತು ಎಂದರೆ ನಂಬುತ್ತಿಲ್ಲ. ಮೊಮ್ಮಗ ಮೊಬೈಲಿನಲ್ಲಿ ನಿಮ್ಮ ಪ್ರಕಟಣೆಯನ್ನೇ ತೋರಿಸುತ್ತಿದ್ದಾನೆ." ಉತ್ತರ ಹೇಳಲು ನನ್ನಲ್ಲಿ ಮಾತಿರಲಿಲ್ಲ.

ಮೇಲಿನವರು ವಿವರಣೆ ಕೇಳಿದರು. ಕಚೇರಿಯ ರೂಢಿಯಂತೆ ಬೆರಳಚ್ಚುಗಾರ್ತಿಗೆ ಮೆಮೊ ಹೋಯಿತು. ಅದಕ್ಕೆ ಸಹಿ ಹಾಕಿದವನು ನಾನೇ. ವಿಜ್ಞಾನದ ಪದವೀಧರನಾದ ನಾನು ಆ ದಿನ ಒಂದು ಸರಳ ಪ್ರಶ್ನೆಯನ್ನೂ ಹಾಕಿಕೊಳ್ಳಲಿಲ್ಲ. ಸರಿಯಾಗಿ ಬರೆದ ದಿನಾಂಕ ತಪ್ಪಾದದ್ದು ಎಲ್ಲಿ?

ದೋಷ ಇದ್ದದ್ದೆಲ್ಲಿ?

ಸ್ವಲ್ಪ ಲೆಕ್ಕ ನೋಡೋಣ. 25/02 ಎಂದು ಬರೆದಿದ್ದರೆ ಯಂತ್ರ ಕೂಡಲೇ ತಡೆಯುತ್ತಿತ್ತು. ಇಪ್ಪತ್ತೈದನೆಯ ತಿಂಗಳು ಎಂಬುದಿಲ್ಲ. ಆದರೆ ಪ್ರತಿ ತಿಂಗಳ ಮೊದಲ ಹನ್ನೆರಡು ದಿನಗಳಲ್ಲಿ ಯಾವುದನ್ನು ಬರೆದರೂ ಅದು ತಿರುಗಿಸಿ ಓದಿದಾಗಲೂ ಒಂದು ದಿನಾಂಕವೇ ಆಗುತ್ತದೆ. ಹನ್ನೆರಡು ತಿಂಗಳಿಗೆ ಅಂಥ ದಿನಗಳು 144. ಅವುಗಳಲ್ಲಿ 01/01, 02/02 ಮುಂತಾದ ಹನ್ನೆರಡನ್ನು ತಿರುಗಿಸಿದರೂ ವ್ಯತ್ಯಾಸವಿಲ್ಲ. ಉಳಿದವು 132. ಅಂದರೆ ವರ್ಷದಲ್ಲಿ 132 ದಿನಗಳ ಮಟ್ಟಿಗೆ ಆ ಫಾರಂ ತಪ್ಪನ್ನು ಸದ್ದಿಲ್ಲದೆ ಒಳಗೆ ಬಿಟ್ಟುಕೊಳ್ಳುತ್ತಿತ್ತು. ಎಷ್ಟು ಎಚ್ಚರದವರನ್ನು ಕೂರಿಸಿದರೂ ಒಂದಲ್ಲ ಒಂದು ದಿನ ಈ ಹಳ್ಳಕ್ಕೆ ಬೀಳಲೇಬೇಕಿತ್ತು.

ಇದಕ್ಕೆ ಪರಿಹಾರ ಕಷ್ಟವೇನಲ್ಲ. ತಿಂಗಳನ್ನು ಅಂಕಿಯಲ್ಲಿ ಕೇಳದೆ ಹೆಸರಿನಲ್ಲಿ ಆರಿಸಲು ಬಿಡಬೇಕು. ಆರಿಸಿದ ಕೂಡಲೇ 'ಮಾರ್ಚ್ 2, ಶನಿವಾರ' ಎಂದು ವಾರದ ಹೆಸರಿನೊಂದಿಗೆ ತಿರುಗಿ ತೋರಿಸಬೇಕು. ನನ್ನ ಚೀಟಿಯಲ್ಲಿ ಭಾನುವಾರ ಎಂದಿತ್ತು. ಪರದೆಯ ಮೇಲೆ ಶನಿವಾರ ಎಂದು ಕಂಡಿದ್ದರೆ ನಮ್ಮ ಬೆರಳಚ್ಚುಗಾರ್ತಿ ಅಲ್ಲೇ ನಿಲ್ಲುತ್ತಿದ್ದರು. ಸಂದೇಶದ ಜೊತೆಗೆ ಒಂದು ಹೆಚ್ಚಿನ ಗುರುತನ್ನು ಕಳುಹಿಸಿ ದೋಷ ಹಿಡಿಯುವುದು ಸಂಪರ್ಕ ವಿಜ್ಞಾನದಲ್ಲಿ ಹಳೆಯ ಉಪಾಯ. ನಮ್ಮ ಲಗ್ನಪತ್ರಿಕೆಗಳಲ್ಲಿ ತಾರೀಖಿನ ಜೊತೆಗೆ ವಾರ, ತಿಥಿ ಎರಡನ್ನೂ ಅಚ್ಚು ಹಾಕಿಸುವ ಹಿರಿಯರಿಗೂ ಇದು ಗೊತ್ತಿತ್ತು.

ಫಾರಂ ಏಕೆ ಉದ್ದವಾಗುತ್ತದೆ?

ಈಗ ಮೂಲ ಪ್ರಶ್ನೆಗೆ ಬರೋಣ. ಹಿಂದೆ ಜಾಲತಾಣದ ಒಂದೊಂದು ಪುಟವನ್ನೂ ಸಂಕೇತಭಾಷೆ ಬಲ್ಲವರು ಕೈಯಿಂದ ಬರೆಯಬೇಕಿತ್ತು. ಈ ತೊಡಕನ್ನು ತಪ್ಪಿಸಲು ಬಂದದ್ದು ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಂ, ಅಂದರೆ ವಿಷಯ ನಿರ್ವಹಣಾ ವ್ಯವಸ್ಥೆ. ಬೆಲ್ಜಿಯಂನ ಡ್ರೀಸ್ ಬೈಟಾರ್ಟ್ ಅವರು ವಿದ್ಯಾರ್ಥಿಯಾಗಿದ್ದಾಗ ಆರಂಭಿಸಿ 2001ರಲ್ಲಿ ಎಲ್ಲರಿಗೂ ಮುಕ್ತಗೊಳಿಸಿದ ದ್ರುಪಾಲ್, 2003ರಲ್ಲಿ ಬಂದ ವರ್ಡ್‌ಪ್ರೆಸ್ ಇವೆರಡೂ ಈ ಜಾತಿಯ ಉಚಿತ ತಂತ್ರಾಂಶಗಳು. ಬರೆಯುವವರು ಫಾರಂ ತುಂಬುತ್ತಾರೆ. ತುಂಬಿದ್ದು ದತ್ತಾಂಶ ಕೋಶದಲ್ಲಿ ಕೂರುತ್ತದೆ. ಪುಟದ ಅಂದಚಂದವನ್ನು ತಂತ್ರಾಂಶವೇ ನೋಡಿಕೊಳ್ಳುತ್ತದೆ.

ತೊಡಕು ಇರುವುದು ಇಲ್ಲೇ. ಈ ತಂತ್ರಾಂಶ ಪತ್ರಿಕಾ ಕಚೇರಿಗೂ ಆಗಬೇಕು, ವಿಶ್ವವಿದ್ಯಾಲಯಕ್ಕೂ ಆಗಬೇಕು, ನಮ್ಮ ಹಾಲು ಉತ್ಪಾದಕರ ಸಂಘಕ್ಕೂ ಆಗಬೇಕು. ಆದ್ದರಿಂದ ಎಲ್ಲರಿಗೂ ಬೇಕಾಗಬಹುದಾದ ಕಾಲಂಗಳು ಅದರಲ್ಲಿ ಇರುತ್ತವೆ. ದ್ರುಪಾಲ್‌ನಲ್ಲಿ ಒಂದು ಸಾಮಾನ್ಯ ಲೇಖನದ ಫಾರಂ ತೆರೆದರೆ ಶೀರ್ಷಿಕೆ, ವಿಷಯಗಳ ಜೊತೆಗೆ ಪಠ್ಯದ ನಮೂನೆ ಯಾವುದು, ಮೆನುವಿನಲ್ಲಿ ಸೇರಬೇಕೇ, ಜಾಲವಿಳಾಸ ಏನಿರಬೇಕು, ಬರೆದವರು ಯಾರು, ಮುಖಪುಟಕ್ಕೆ ಏರಿಸಬೇಕೇ, ಪಟ್ಟಿಯ ತುದಿಯಲ್ಲಿ ಅಂಟಿಸಬೇಕೇ, ಬದಲಾವಣೆಯ ಟಿಪ್ಪಣಿ ಏನು ಎಂಬ ಪ್ರಶ್ನೆಗಳೂ ಬರಬಹುದು. ಜಾಲತಾಣ ಕಟ್ಟಿಕೊಟ್ಟವರು ಇವನ್ನೆಲ್ಲ ಇದ್ದಂತೆಯೇ ಬಿಟ್ಟು, ತಮ್ಮ ಕಡೆಯಿಂದ ಹತ್ತು ಕಾಲಂ ಸೇರಿಸಿ ಹೋಗಿರುತ್ತಾರೆ. ಅಂಗಡಿಯಿಂದ ಹೊಲಿದ ಅಂಗಿ ತಂದವರು ತೋಳು ಉದ್ದವಾಗಿದ್ದರೆ ದರ್ಜಿಗೆ ಕೊಡುತ್ತಾರೆ. ಫಾರಂ ವಿಷಯದಲ್ಲಿ ಆ ಎರಡನೆಯ ಕೆಲಸವನ್ನು ಯಾರೂ ಮಾಡಿರುವುದಿಲ್ಲ.

ಕಷ್ಟ ಯಾರ ಹೆಗಲಿಗೆ?

ಲ್ಯಾರಿ ಟೆಸ್ಲರ್ ಎಂಬ ಅಮೆರಿಕದ ಗಣಕ ವಿಜ್ಞಾನಿ ಇದ್ದರು. 2020ರಲ್ಲಿ ತೀರಿಕೊಂಡರು. ಇಂದು ನಾವೆಲ್ಲ ಬಳಸುವ ಕತ್ತರಿಸು, ನಕಲಿಸು, ಅಂಟಿಸು ಸೌಲಭ್ಯವನ್ನು ರೂಪಿಸಿದವರಲ್ಲಿ ಅವರು ಪ್ರಮುಖರು. ಅವರ ಹೆಸರಿನಲ್ಲಿ ಒಂದು ನಿಯಮ ಪ್ರಚಲಿತವಾಗಿದೆ. ಶಕ್ತಿಯನ್ನು ನಾಶಮಾಡಲಾಗದು, ರೂಪಾಂತರಿಸಬಹುದು ಎಂದು ನಾವು ಭೌತಶಾಸ್ತ್ರದಲ್ಲಿ ಓದಿದ್ದೇವಲ್ಲ, ಬಹುಮಟ್ಟಿಗೆ ಅದೇ ರೀತಿ. ಯಾವುದೇ ಕೆಲಸದಲ್ಲಿ ಇಷ್ಟು ಎಂಬ ಜಟಿಲತೆ ಇದ್ದೇ ಇರುತ್ತದೆ. ಅದನ್ನು ಇಲ್ಲವಾಗಿಸಲು ಆಗದು. ಯಾರು ಹೊರಬೇಕು ಎಂಬುದನ್ನು ಮಾತ್ರ ನಾವು ನಿರ್ಧರಿಸಬಹುದು.

ಫಾರಂ ಸರಳಗೊಳಿಸುವುದೆಂದರೆ ನಿಜವಾಗಿ ಇಷ್ಟೇ. ದಿನವೂ ಫಾರಂ ತುಂಬುವ ಹತ್ತು ಜನ ಹೊರುತ್ತಿದ್ದ ಕಷ್ಟವನ್ನು, ಫಾರಂ ಕಟ್ಟುವ ಒಬ್ಬರು ಒಂದು ಸಲ ಹೊತ್ತು ಮುಗಿಸುವುದು. ಅವರು ಒಂದು ದಿನ ಉಳಿಸಿಕೊಂಡರೆ ಹತ್ತು ಜನ ವರ್ಷವಿಡೀ ತೆರಬೇಕಾಗುತ್ತದೆ. ಕೊನೆಯಲ್ಲಿ ತೆರುವವರು ಶಾಲೆಯ ಮುಂದೆ ಕೂತ ಆ ಅಜ್ಜನಂಥವರು.

ಮೊದಲು ಪಕ್ಕದಲ್ಲಿ ಕುಳಿತು ನೋಡಿ

ಕೆಲಸವನ್ನು ಎಲ್ಲಿಂದ ಆರಂಭಿಸಬೇಕು? ತಂತ್ರಾಂಶದಿಂದಲ್ಲ, ಕುರ್ಚಿಯಿಂದ. ಫಾರಂ ತುಂಬುವವರ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂರಬೇಕು. ಮಾತಾಡಬಾರದು, ಕೈ ತೋರಿಸಬಾರದು. ಅವರು ಎಲ್ಲಿ ತಡೆದರು, ಎಲ್ಲಿ ಹಿಂದಕ್ಕೆ ಹೋದರು, ಯಾವ ಕಾಲಂ ಬಂದಾಗ ಪಕ್ಕದ ಚೀಟಿ ನೋಡಿಕೊಂಡರು ಎಂದು ಬರೆದುಕೊಳ್ಳಬೇಕು. ನಮ್ಮ ಬೆರಳಚ್ಚುಗಾರ್ತಿಯ ಪಕ್ಕದಲ್ಲಿ ನಾನು ಹಾಗೆ ಕುಳಿತದ್ದು ಮೆಮೊ ಕೊಟ್ಟ ಎರಡು ವಾರದ ಮೇಲೆ. ಅವರ ಗಣಕದ ಅಂಚಿಗೆ ಒಂದು ಚೀಟಿ ಅಂಟಿಸಿತ್ತು. ಯಾವ ಯಾವ ಕಾಲಂ ಮುಟ್ಟಬಾರದು ಎಂಬ ಪಟ್ಟಿ ಅದು. ಫಾರಂ ಮಾಡಬೇಕಾದ ಕೆಲಸವನ್ನು ಆ ಚೀಟಿ ಮಾಡುತ್ತಿತ್ತು.

ಎರಡನೆಯದಾಗಿ, ಈಗಾಗಲೇ ಪ್ರಕಟವಾದ ಐವತ್ತು ಪುಟಗಳನ್ನು ತೆಗೆದು ಯಾವ ಕಾಲಂ ಎಷ್ಟು ಸಲ ತುಂಬಿದೆ ಎಂದು ಎಣಿಸಬೇಕು. ಒಮ್ಮೆಯೂ ತುಂಬದ ಕಾಲಂಗಳು, ಪ್ರತಿ ಸಲವೂ ಒಂದೇ ಉತ್ತರವಿರುವ ಕಾಲಂಗಳು ತಾವಾಗಿಯೇ ಎದ್ದು ಕಾಣುತ್ತವೆ.

ಒಂದೊಂದು ಕಾಲಂಗೂ ನಾಲ್ಕು ಪ್ರಶ್ನೆ

ಆಮೇಲೆ ಒಂದೊಂದು ಕಾಲಂ ಮುಂದೆ ನಿಂತು ನಾಲ್ಕು ಪ್ರಶ್ನೆ ಕೇಳಬೇಕು.

ಒಂದು, ಇದರ ಉತ್ತರ ಯಂತ್ರಕ್ಕೇ ಗೊತ್ತಿದೆಯೇ? ಬರೆದವರ ಹೆಸರು, ಬರೆದ ಹೊತ್ತು ಇವನ್ನು ಮನುಷ್ಯರಿಂದ ಕೇಳಬೇಕಾಗಿಲ್ಲ. ಒಳಗೆ ಬರುವಾಗ ಹೆಸರು, ಗುಪ್ತಪದ ಕೊಟ್ಟೇ ಬಂದಿರುತ್ತಾರೆ.

ಎರಡು, ಉತ್ತರ ಯಾವಾಗಲೂ ಒಂದೇ ಆಗಿರುತ್ತದೆಯೇ? ಹಾಗಿದ್ದರೆ ಅದನ್ನು ಮೊದಲೇ ತುಂಬಿಟ್ಟು ಕಾಲಂ ಅನ್ನು ಅಡಗಿಸಬಹುದು.

ಮೂರು, ಇದು ಕೆಲವರಿಗೆ ಮಾತ್ರ ಬೇಕೇ? ಮುಖಪುಟಕ್ಕೆ ಏರಿಸುವ ನಿರ್ಧಾರ ಸಂಪಾದಕರದು. ಅದು ಬೆರಳಚ್ಚುಗಾರರ ಪರದೆಯಲ್ಲಿ ಏಕೆ ಕಾಣಬೇಕು? ಈ ಬಗೆಯ ತಂತ್ರಾಂಶಗಳಲ್ಲಿ ಯಾರಿಗೆ ಯಾವ ಅಧಿಕಾರ ಎಂದು ಗೊತ್ತುಮಾಡುವ ವ್ಯವಸ್ಥೆ ಇದೆ.

ನಾಲ್ಕು, ಇದು ಕೆಲವು ಸಲ ಮಾತ್ರ ಬೇಕೇ? ಶಿಬಿರದ ಸ್ಥಳ ಎಂಬ ಕಾಲಂ 'ಇದು ಶಿಬಿರದ ಪ್ರಕಟಣೆ' ಎಂದು ಗುರುತು ಹಾಕಿದ ಮೇಲೆ ಮೂಡಿದರೆ ಸಾಕು.

ನಾಲ್ಕಕ್ಕೂ 'ಇಲ್ಲ' ಎಂಬ ಉತ್ತರ ಬಂದ ಕಾಲಂಗಳು ಮಾತ್ರ ಎಲ್ಲರ ಕಣ್ಣೆದುರು ಇರಲಿ.

ಇದಕ್ಕೆಲ್ಲ ಹೊಸ ಕಾರ್ಯಕ್ರಮ ಬರೆಯಬೇಕಾದ ಪ್ರಮೇಯ ಬಹುತೇಕ ಬರುವುದಿಲ್ಲ. ದ್ರುಪಾಲ್‌ನಲ್ಲಿ 2015ರ ಎಂಟನೆಯ ಆವೃತ್ತಿಯಿಂದ 'ಮ್ಯಾನೇಜ್ ಫಾರಂ ಡಿಸ್‌ಪ್ಲೇ' ಎಂಬ ಪುಟವಿದೆ. ಕಾಲಂಗಳನ್ನು ಮೌಸಿನಿಂದ ಎಳೆದು ಮೇಲೆ ಕೆಳಗೆ ಮಾಡಬಹುದು. ಬೇಡವಾದದ್ದನ್ನು 'ಡಿಸೇಬಲ್ಡ್' ಎಂಬ ಭಾಗಕ್ಕೆ ಸರಿಸಬಹುದು. ವರ್ಡ್‌ಪ್ರೆಸ್‌ನ ಹಳೆಯ ಸಂಪಾದನಾ ಪುಟದಲ್ಲಿ 'ಸ್ಕ್ರೀನ್ ಆಪ್ಷನ್ಸ್' ಒತ್ತಿದರೆ ಬೇಡದ ಪೆಟ್ಟಿಗೆಗಳ ಗುರುತು ತೆಗೆಯಬಹುದು.

ಒಂದು ಎಚ್ಚರಿಕೆ. ಅಡಗಿಸುವುದು ಬೇರೆ, ಅಳಿಸುವುದು ಬೇರೆ. ಅಡಗಿಸಿದರೆ ಹಳೆಯ ಪುಟಗಳಲ್ಲಿ ತುಂಬಿದ ಮಾಹಿತಿ ಉಳಿಯುತ್ತದೆ. ಕಾಲಂ ಅನ್ನೇ ಅಳಿಸಿದರೆ ಅಷ್ಟೂ ವರ್ಷಗಳ ಮಾಹಿತಿ ಅದರ ಜೊತೆಗೆ ಹೋಗುತ್ತದೆ. ಹಾಗೆಯೇ ಕಡ್ಡಾಯ ಕಾಲಂ ಒಂದನ್ನು ಅಡಗಿಸುವ ಮುಂಚೆ ಅದಕ್ಕೊಂದು ಸಿದ್ಧ ಉತ್ತರ ಕೊಟ್ಟಿರಬೇಕು.

ಹೆಸರುಗಳು ಕನ್ನಡದಲ್ಲಿರಲಿ, ಅರ್ಥವಾಗುವಂತಿರಲಿ

ಕಾಲಂಗಳ ಹೆಸರಿನದು ಇನ್ನೊಂದು ಸಮಸ್ಯೆ. 'ಸ್ಲಗ್' ಎಂಬ ಕಾಲಂ ನೋಡಿ ಒಬ್ಬರು ನನ್ನನ್ನು ಕೇಳಿದ್ದರು, "ಬಸವನಹುಳುವಿಗೂ ನಮಗೂ ಏನು ಸಂಬಂಧ ಸಾರ್?" ಅದು ಸೀಸದ ಅಚ್ಚಿನ ಕಾಲದ ಪತ್ರಿಕಾಲಯದ ಮಾತು, ಸುದ್ದಿಗೆ ಇಡುವ ಗುರುತಿನ ಹೆಸರು. ಈಗ ಜಾಲವಿಳಾಸದ ಕೊನೆಯ ತುಣುಕಿಗೆ ಹಾಗೆನ್ನುತ್ತಾರೆ. ಇದನ್ನು ಸಿಬ್ಬಂದಿಗೆ ವಿವರಿಸುತ್ತ ಕೂರುವುದಕ್ಕಿಂತ ಯಂತ್ರವೇ ಅದನ್ನು ತುಂಬುವಂತೆ ಮಾಡುವುದು ಮೇಲು. ದ್ರುಪಾಲ್‌ನಲ್ಲಿ ಇದಕ್ಕೆ 'ಪಾಥ್‌ಆಟೊ' ಎಂಬ ಸೇರ್ಪಡೆ ಇದೆ. ಆದರೆ ಕನ್ನಡ ಶೀರ್ಷಿಕೆಯನ್ನೇ ವಿಳಾಸ ಮಾಡಿದರೆ ಒಂದು ತೊಂದರೆ. ಯೂನಿಕೋಡ್‌ನ ಪ್ರಚಲಿತ ಪದ್ಧತಿಯಲ್ಲಿ ಕನ್ನಡದ ಒಂದು ಸಂಕೇತಕ್ಕೆ ಮೂರು ಬೈಟ್ ಬೇಕು. ವಿಳಾಸವನ್ನು ನಕಲಿಸಿ ಕಳುಹಿಸುವಾಗ ಅದು ಅನೇಕ ವೇಳೆ ಒಂಬತ್ತು ಚಿಹ್ನೆಗಳಾಗಿ ಹಿಗ್ಗುತ್ತದೆ. ದಿನಾಂಕ ಮತ್ತು ಕ್ರಮಸಂಖ್ಯೆಯಿಂದ ವಿಳಾಸ ಮಾಡಿದರೆ ಈ ಪೇಚಿಲ್ಲ.

ಅಕ್ಷರ ಮಿತಿಯಲ್ಲೂ ಇದೇ ಕಥೆ. 'ಸ್ತ್ರೀ' ನಮಗೆ ಒಂದೇ ಅಕ್ಷರ. ಯಂತ್ರಕ್ಕೆ ಅದು ಸ, ಹಲಂತದ ಗುರುತು, ತ, ಮತ್ತೆ ಹಲಂತದ ಗುರುತು, ರ, ದೀರ್ಘ ಈಕಾರ ಎಂದು ಆರು ಸಂಕೇತ. ಇಂಗ್ಲಿಷ್ ಲೆಕ್ಕದಲ್ಲಿ 160 ಎಂದು ಮಿತಿ ಹಾಕಿದ ಸಾರಾಂಶದ ಕಾಲಂನಲ್ಲಿ ಕನ್ನಡದ ವಾಕ್ಯ ನಡುವೆಯೇ ತುಂಡಾಗುತ್ತದೆ. ಮಿತಿಯನ್ನು ಕನ್ನಡದ ನಾಲ್ಕಾರು ವಾಕ್ಯ ತುಂಬಿ ನೋಡಿ ಗೊತ್ತುಪಡಿಸಬೇಕು. ಇನ್ನು ಯೂನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪಾದ ಕಡತವನ್ನು ತಂದು ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಬರುತ್ತದೆ. 'ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ' ಎಂಬ ಒಂದು ಸಾಲಿನ ಸೂಚನೆ ಆ ಕಾಲಂ ಕೆಳಗೇ ಇರಬೇಕು. ಬೇರೆಲ್ಲೋ ಕೈಪಿಡಿಯಲ್ಲಿದ್ದರೆ ಪ್ರಯೋಜನವಿಲ್ಲ.

ಹೆಸರಿನ ಬದಲು ಪ್ರಶ್ನೆಯನ್ನೇ ಬರೆದರೆ ಇನ್ನೂ ಒಳ್ಳೆಯದು. 'ಕಾರ್ಯಕ್ರಮ ದಿನಾಂಕ', 'ಪ್ರಕಟಣಾ ದಿನಾಂಕ' ಎಂದು ಎರಡು ಕಾಲಂ ಅಕ್ಕಪಕ್ಕ ಇದ್ದರೆ ಗೊಂದಲ ಖಂಡಿತ. 'ಜನ ಯಾವ ದಿನ ಬರಬೇಕು?' ಎಂದು ಕೇಳಿದರೆ ತಪ್ಪು ತುಂಬುವವರು ಅಪರೂಪ. ಕಾಲಂಗಳ ಕ್ರಮವೂ ಮಾಹಿತಿ ಬರುವ ಕ್ರಮದಲ್ಲೇ ಇರಲಿ. ನಮ್ಮ ಚೀಟಿಯಲ್ಲಿ ಮೊದಲು ಏನು, ಆಮೇಲೆ ಎಂದು, ಎಲ್ಲಿ, ಯಾರನ್ನು ಕೇಳಬೇಕು ಎಂದಿರುತ್ತಿತ್ತು. ಹೊಸ ಫಾರಂ ಅನ್ನೂ ಹಾಗೆಯೇ ಜೋಡಿಸಿದೆವು.

ಯಾವುದನ್ನು ತೆಗೆಯಬಾರದು?

ಸರಳತೆಯ ಉತ್ಸಾಹದಲ್ಲಿ ಕೈ ಬಿಡಬಾರದ ಕೆಲವು ಕಾಲಂಗಳಿವೆ. ಚಿತ್ರ ಸೇರಿಸುವಾಗ 'ಆಲ್ಟ್ ಟೆಕ್ಸ್ಟ್' ಎಂದು ಒಂದನ್ನು ಕೇಳುತ್ತದೆ. ಅರ್ಥವಾಗದೆ ಅನೇಕರು ಒಂದು ಚುಕ್ಕೆ ಇಟ್ಟು ಮುಂದೆ ಹೋಗುತ್ತಾರೆ. ದೃಷ್ಟಿಯಿಲ್ಲದವರ ಗಣಕ ಗಟ್ಟಿಯಾಗಿ ಓದಿ ಹೇಳುವುದು ಈ ಕಾಲಂ ಅನ್ನೇ. ಅದನ್ನು ಅಡಗಿಸುವುದು ಸರಳತೆಯಲ್ಲ, ಅನ್ಯಾಯ. 'ಚಿತ್ರ ಕಾಣದವರಿಗೆ ಇದರಲ್ಲಿ ಏನಿದೆ ಎಂದು ಒಂದು ವಾಕ್ಯದಲ್ಲಿ ಹೇಳಿ' ಎಂದು ಹೆಸರು ಬದಲಿಸಿದರೆ ಚುಕ್ಕೆ ಇಡಲು ಯಾರಿಗೂ ಮನಸ್ಸು ಬಾರದು.

ಅಳತೆಯೂ ಹಾಗೆಯೇ. ಕೃಷಿ ಕಾರ್ಯಕ್ರಮದ ವಿವರದಲ್ಲಿ ಔಷಧದ ಪ್ರಮಾಣ ಬರೆಯುವಾಗ ಅಂಕಿಗೊಂದು ಕಾಲಂ, ಗ್ರಾಮೋ ಮಿಲಿಲೀಟರೋ ಎಂದು ಆರಿಸಲು ಇನ್ನೊಂದು ಕಾಲಂ ಬೇಕೇ ಬೇಕು. ಅಮೆರಿಕದ ನಾಸಾ ಸಂಸ್ಥೆ ಮಂಗಳಕ್ಕೆ ಕಳುಹಿಸಿದ 'ಮಾರ್ಸ್ ಕ್ಲೈಮೇಟ್ ಆರ್ಬಿಟರ್' ನೌಕೆ 1999ರಲ್ಲಿ ಹಾಳಾದದ್ದು, ಒಂದು ಕಡೆ ಬ್ರಿಟಿಷ್ ಪದ್ಧತಿಯ ಅಳತೆ, ಇನ್ನೊಂದು ಕಡೆ ಮೆಟ್ರಿಕ್ ಅಳತೆ ಬಳಸಿದ್ದರಿಂದ. ಅಷ್ಟು ದೊಡ್ಡವರಿಗೇ ಹಾಗಾದ ಮೇಲೆ ನಮ್ಮ ರೈತರ ವಿಷಯದಲ್ಲಿ ಅಜಾಗ್ರತೆ ಸಲ್ಲದು. ಪ್ರಕಟಿಸುವ ಮುಂಚೆ ಪುಟ ಹೇಗೆ ಕಾಣುತ್ತದೆ ಎಂದು ತೋರಿಸುವ ಮುನ್ನೋಟವನ್ನೂ ತೆಗೆಯಬಾರದು.

ಬದಲಾವಣೆಯನ್ನು ಹೇಳಿ ಮಾಡಿ

ಒಳ್ಳೆಯ ಉದ್ದೇಶದ ಬದಲಾವಣೆಯೂ ಮುಗ್ಗರಿಸಬಹುದು. ವಿಕಿಪೀಡಿಯಕ್ಕೆ ಬರೆಯುವವರು ಸಂಕೇತಗಳ ಗೋಜಿಲ್ಲದೆ ಬರೆಯಲೆಂದು 'ವಿಷುಯಲ್ ಎಡಿಟರ್' ಎಂಬ ಹೊಸ ಸಂಪಾದನಾ ವಿಧಾನವನ್ನು 2013ರ ಜುಲೈನಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ಎಲ್ಲರ ಮುಂದೆ ತಂದಿಟ್ಟರು. ನಿಧಾನವಾಗಿದೆ, ದೋಷಗಳಿವೆ ಎಂದು ಹಳೆಯ ಬರೆಹಗಾರರು ತಕರಾರು ಎತ್ತಿದರು. ಸೆಪ್ಟೆಂಬರಿನಲ್ಲಿ ಅದನ್ನು ಬೇಕೆಂದವರಿಗೆ ಮಾತ್ರ ಎಂದು ಹಿಂದಕ್ಕೆ ಸರಿಸಬೇಕಾಯಿತು. ಸುಧಾರಣೆಯಾದ ಮೇಲೆ ಈಗ ಅದು ಬಳಕೆಯಲ್ಲಿದೆ. ಪಾಠ ಸ್ಪಷ್ಟ. ಹೊಸ ಫಾರಂ ಅನ್ನು ಮೊದಲು ಇಬ್ಬರಿಗೆ ಕೊಟ್ಟು ನೋಡಬೇಕು. ಅವರಲ್ಲೊಬ್ಬರು ಕೆಲಸಕ್ಕೆ ಹೊಸಬರಾಗಿರಲಿ. ವಿವರಣೆಯಿಲ್ಲದೆ ಅವರು ಒಂದು ಪುಟ ತುಂಬಿ ಮುಗಿಸಿದರೆ ಫಾರಂ ಸಿದ್ಧವಾಯಿತು ಎನ್ನಬಹುದು.

ನಿಮ್ಮ ಸಂಸ್ಥೆಯ ಜಾಲತಾಣ ಕಟ್ಟಿಕೊಟ್ಟವರನ್ನು ಮುಂದಿನ ಸಲ ಕಂಡಾಗ ಸಂಕೋಚವಿಲ್ಲದೆ ಕೇಳಿ. ಹೊಸ ಬಣ್ಣ, ಹೊಸ ಚಿತ್ರ ಆಮೇಲಾಗಲಿ, ಫಾರಂನ ಈ ಈ ಕಾಲಂ ನಮಗೆ ಬೇಡ, ಇವುಗಳ ಹೆಸರು ಹೀಗಿರಲಿ ಎಂದು ಪಟ್ಟಿ ಕೊಡಿ. ನಿಮ್ಮ ಗಣಕದ ಅಂಚಿನಲ್ಲಿ ಚೀಟಿ ಅಂಟಿಸಿದ್ದರೆ ಅದೇ ಆ ಪಟ್ಟಿಯ ಮೊದಲ ಸಾಲು.

ನಮ್ಮ ಕಚೇರಿಯ ಫಾರಂ ಬದಲಾಗಲು ನಾಲ್ಕು ತಿಂಗಳು ಹಿಡಿಯಿತು. ಅದು ಮುಗಿದ ಮೇಲೆ ನಾನು ಹಳೆಯ ಮೆಮೊ ಇದ್ದ ಕಡತ ತರಿಸಿ, ದಿನಾಂಕವನ್ನು ಸಿಬ್ಬಂದಿ ಸರಿಯಾಗಿಯೇ ನಮೂದಿಸಿದ್ದರು, ದೋಷ ಫಾರಂನದು ಎಂದು ಟಿಪ್ಪಣಿ ಬರೆದು ಸಹಿ ಹಾಕಿದೆ. ಬೆರಳಚ್ಚುಗಾರ್ತಿಗೆ ಅದನ್ನು ತೋರಿಸಿದೆ. ಅವರು ಓದಿ, "ಆಯ್ತು ಸಾರ್" ಎಂದಷ್ಟೇ ಹೇಳಿ ತಮ್ಮ ಕುರ್ಚಿಗೆ ಹೋದರು. ಮರುದಿನ ನೋಡಿದಾಗ ಗಣಕದ ಅಂಚಿನ ಚೀಟಿ ಇರಲಿಲ್ಲ.

ಆ ಅಜ್ಜನಿಗೆ ಮುಂದೆ ಬೇರೆ ಶಿಬಿರ ಸಿಕ್ಕಿತೋ ಇಲ್ಲವೋ, ನನಗೆ ತಿಳಿಯಲಿಲ್ಲ. ಇಂದಿಗೂ ಯಾವುದೇ ಪ್ರಕಟಣೆ ಹೊರಡುವ ಮುಂಚೆ ತಾರೀಖಿನ ಪಕ್ಕದಲ್ಲಿ ವಾರ ಇದೆಯೇ ಎಂದು ನಾನು ನೋಡುತ್ತೇನೆ.